ಊರು ಬಿಟ್ಟು ಊರಿಗೆ



ಈ ಸಂಜೆ ನಾವು ಹೇಳಬೇಕೆಂದಿರುವುದು ಮಹತ್ತಾದ ವಿಷಯವೇನೂ ಅಲ್ಲ. ಸಣ್ಣ ಊರೊಂದರಲ್ಲಿ ಹುಟ್ಟಿ ಬೆಳೆದು, ಅಲ್ಲಿಯೇ ಮದುವೆಯಾಗಿ, ಸಂಸಾರವು ಇನ್ನೂ ಹೊಸತಾಗಿರುವಾಗಲೇ ಪಾತ್ರೆ ಪದಾರ್ಥಗಳನ್ನು ಕಟ್ಟಿಕೊಂಡು ದೊಡ್ಡ ನಗರಕ್ಕೆ ಬಂದಿಳಿಯುವ ಗಂಡಹೆಂಡಿರ ವಿಷಯ. ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಅನೇಕರು ಹೀಗೆ ಬಂದವರೇ ಆಗಿರಬೇಕು. ನೀವು ಬಾರದಿದ್ದರೆ ನಿಮ್ಮ ತಂದೆಯೋ ತಾತನೋ ಬಂದಿರಬೇಕು. ಪಂಡಿತರು ಇದನ್ನು ವಲಸೆಯೆಂದು ಕರೆಯುತ್ತಾರೆ. ವಲಸೆಯೆಂದೊಡನೆ ನಮಗೆ ಹಕ್ಕಿಗಳ ನೆನಪಾಗುತ್ತದೆ. ಆದರೆ ಹಕ್ಕಿಗಳು ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡಬೇಕಾಗಿಲ್ಲ. ಋತು ತಿರುಗಿದ ಕೂಡಲೇ ಬಿಟ್ಟ ಸ್ಥಳಕ್ಕೆ ಮರಳುತ್ತವೆ. ಆದುದರಿಂದ ಆ ಹೆಸರು ನಮ್ಮಂಥವರಿಗೆ ಅಷ್ಟಾಗಿ ಒಪ್ಪದು.

ನಾವು ಎಂದಾಗ ಇಲ್ಲಿ ಇಬ್ಬರನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇವೆ. ಬರೆದದ್ದನ್ನು ನಮ್ಮ ಮನೆಯವರು ಓದಿ ಎರಡು ಕಡೆ ತಿದ್ದಿದ್ದಾರೆ. ಒಂದು ಕಡೆ ಪೂರ್ತಿಯಾಗಿ ಹೊಡೆದುಹಾಕಿದ್ದಾರೆ.

ನಮ್ಮದು ತಿಪಟೂರು. ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 140 ಕಿಲೋಮೀಟರು. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 60,000ದ ಆಸುಪಾಸು. ಅದೇ ಗಣತಿಯಲ್ಲಿ ಬೆಂಗಳೂರು ಮಹಾನಗರದ್ದು 84 ಲಕ್ಷ. ನಾವು ಊರು ಬಿಟ್ಟದ್ದು 2006ರ ಜೂನ್ ತಿಂಗಳಲ್ಲಿ, ಆಷಾಢ ಹಿಡಿಯುವುದರೊಳಗೆ ಹಾಲು ಉಕ್ಕಿಸಬೇಕೆಂಬ ಅವಸರದಲ್ಲಿ. ಮದುವೆಯಾಗಿ ಆಗ ಒಂದು ವರ್ಷ ತುಂಬಿತ್ತು. ಬ್ಯಾಂಕಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬೆಂಗಳೂರಿನ ಶಾಖೆಯೊಂದಕ್ಕೆ ನೇಮಕವಾದವರು ನಮ್ಮ ಮನೆಯವರು. ನಮ್ಮಲ್ಲಿ ಗಂಡಸಾದವನು ಆಗ ಊರಿನ ಕಾಲೇಜಿನಲ್ಲಿ ಗಂಟೆಯ ಲೆಕ್ಕದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದನು. ಖಾಯಂ ಆಗುವ ಭರವಸೆ ಇರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಯಾವ ಕಡೆಗೆ ತಕ್ಕಡಿ ವಾಲುವುದೆಂಬುದರಲ್ಲಿ ಸಂಶಯವೇ ಇರಲಿಲ್ಲ. ಆದರೆ ಊರಿನಲ್ಲಿ ಈ ಲೆಕ್ಕವನ್ನು ಯಾರೂ ಹಾಕಲಿಲ್ಲ. ಗಂಡನ ಹಿಂದೆ ಹೆಂಡತಿ ಹೋಗುವುದು ಸೃಷ್ಟಿಯ ಕ್ರಮ, ಹೆಂಡತಿಯ ಹಿಂದೆ ಗಂಡ ಹೋದರೆ ಅದೊಂದು ಸಮಾಚಾರ. ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ, ರೈಲ್ವೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಮ್ಮನ್ನು ಕಂಡವರು ಮೊದಲು ಕೇಳುತ್ತಿದ್ದ ಪ್ರಶ್ನೆ, "ಹಾಗಾದರೆ ಮೇಷ್ಟ್ರು ಅಲ್ಲೇನು ಮಾಡುತ್ತಾರೆ?" ಎಂಬುದು.

ನಮ್ಮ ತಾಯಿಯವರು ಮಾತ್ರ ಹಾಗೆ ಕೇಳಲಿಲ್ಲ. ತಂದೆಯವರು ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಮನೆ ದೊಡ್ಡದು, ಜನ ಮೂವರು. ನಾವು ಹೊರಟರೆ ಉಳಿಯುವವರು ಒಬ್ಬರೇ. "ಎಷ್ಟು ದಿನದ ಮಟ್ಟಿಗೆ?" ಎಂದು ಮಾತ್ರ ಕೇಳಿದರು. "ಎರಡು ವರ್ಷದ ಮಟ್ಟಿಗಮ್ಮ, ಅಷ್ಟರಲ್ಲಿ ಇತ್ತ ಕಡೆಗೇ ವರ್ಗ ಮಾಡಿಸಿಕೊಳ್ಳುತ್ತೇವೆ" ಎಂದೆವು. ಹೇಳುವಾಗ ನಾವು ಸುಳ್ಳಾಡುತ್ತಿರಲಿಲ್ಲ. ಈ ಮಾತನ್ನು ಶ್ರೋತೃಗಳು ನಂಬಬೇಕು.

ಮುಂಗಡಕ್ಕೆ ಹಣ ಕೊಟ್ಟವರೂ ಅವರೇ. ತಿಪಟೂರಿನ ಸೀಮೆಯ ಪದ್ಧತಿಯನ್ನು ಅರಿಯದವರಿಗೆ ಇಷ್ಟನ್ನು ವಿವರಿಸಬೇಕು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಕಿತ್ತೊಡನೆ ಮಾರಿಬಿಡುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಕೆಳಗಿನ ಒಲೆಯ ಕಾವು, ಹೆಂಚಿನ ಸಂದಿಯ ಗಾಳಿ ಇವೆರಡರ ನಡುವೆ ಕಾಯಿ ಹತ್ತು ಹನ್ನೊಂದು ತಿಂಗಳು ಕುಳಿತಿರುತ್ತದೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಲೊಟಲೊಟನೆ ಸದ್ದು ಮಾಡಿದಾಗ ಅದು ಕೊಬ್ಬರಿಯಾಯಿತೆಂದು ಅರ್ಥ. ಆಮೇಲೆ ಸುಲಿದು, ಒಡೆದು, ಮಂಡಿಗೆ ಸಾಗಿಸಬೇಕು. ಇದರಲ್ಲಿ ಮನುಷ್ಯನು ಮಾಡುವ ಕೆಲಸಕ್ಕಿಂತ ಕಾಯುವ ಕೆಲಸವೇ ಹೆಚ್ಚು. ಆ ವರ್ಷದ ಅಟ್ಟದಲ್ಲಿ ಕೊಬ್ಬರಿಯಾಗಿ ಇಳಿದದ್ದೆಲ್ಲವೂ ನಮ್ಮ ಬೆಂಗಳೂರಿನ ಮನೆಯ ಮುಂಗಡಕ್ಕೆ ಸಂದಿತು. ತಿಂಗಳಿಗೆ 3,000 ರೂಪಾಯಿಯ ಬಾಡಿಗೆ, 30,000 ರೂಪಾಯಿಯ ಮುಂಗಡ.

ಇನ್ನು ಮನೆ ಹುಡುಕಿದ ವೃತ್ತಾಂತ. ದೊಡ್ಡ ನಗರಕ್ಕೆ ಬರುವವರು ಯಾವ ಬಾಗಿಲಿನಿಂದ ಒಳಹೊಕ್ಕರೋ ಆ ಬಾಗಿಲಿನ ಬಳಿಯೇ ನೆಲೆಯೂರುವುದು ವಾಡಿಕೆಯೆಂದು ತೋರುತ್ತದೆ. ತುಮಕೂರಿನ ರಸ್ತೆಯಿಂದ ಬಂದ ನಮ್ಮವರು ಪೀಣ್ಯ, ಯಶವಂತಪುರ, ರಾಜಾಜಿನಗರದ ಸುತ್ತಿನಲ್ಲಿ ಹರಡಿಕೊಂಡಿದ್ದಾರೆ. ಮಂಡ್ಯದ ಕಡೆಯವರು ಕೆಂಗೇರಿಯ ದಿಕ್ಕಿನಲ್ಲಿ, ಕೋಲಾರದವರು ಕೃಷ್ಣರಾಜಪುರದ ದಿಕ್ಕಿನಲ್ಲಿ ಹೆಚ್ಚಾಗಿ ಕಾಣುತ್ತಾರೆ. ಊರಿಗೆ ಹೋಗುವ ಬಸ್ಸು ಮನೆಯ ಹತ್ತಿರವೇ ಹಾದುಹೋಗಬೇಕು, ಹಬ್ಬಕ್ಕೆ ಹೊರಟರೆ ನಗರವನ್ನು ದಾಟುವ ಶ್ರಮವಿರಬಾರದು ಎಂಬ ಲೆಕ್ಕವಿರಬಹುದು. ನಾವೂ ಯಶವಂತಪುರದ ನಿಲ್ದಾಣದಲ್ಲಿ ಇಳಿದು ಮತ್ತೀಕೆರೆಯ ಬೀದಿಗಳಲ್ಲಿ ಮೂರು ಭಾನುವಾರ ಅಲೆದೆವು.

ಗೇಟಿಗೆ ತೂಗುಹಾಕಿದ ಹಲಗೆಗಳನ್ನು ಓದುವುದೇ ಒಂದು ವಿದ್ಯೆ. "ಮನೆ ಬಾಡಿಗೆಗೆ ಇದೆ" ಎಂಬುದು ಸುಲಭ. "ಭೋಗ್ಯಕ್ಕೆ ಇದೆ" ಎಂದರೆ, ದೊಡ್ಡದೊಂದು ಮೊತ್ತವನ್ನು ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ವಾಸಮಾಡಿ, ಬಿಡುವಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯುವ ಏರ್ಪಾಡು. ಮನೆಯವನಿಗೆ ಬಡ್ಡಿ, ಇದ್ದವನಿಗೆ ನೆರಳು. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಹಲಗೆಯನ್ನು ಅರ್ಥಮಾಡಿಕೊಳ್ಳಲು ವಿದ್ಯೆ ಬೇಕಾಗಿಲ್ಲ. ಅಡುಗೆಯ ಹೆಸರಿನಲ್ಲಿ ಜಾತಿಯನ್ನು ಕೇಳುವ ಉಪಾಯವದು. ಒಂದು ಮನೆಯಲ್ಲಿ ಎಲ್ಲವೂ ಒಪ್ಪಿಗೆಯಾದ ಮೇಲೆ ಯಜಮಾನಿತಿಯವರು ನಮ್ಮ ಹೆಸರುಗಳನ್ನು ಎರಡೆರಡು ಬಾರಿ ಕೇಳಿ, ತಂದೆಯ ಹೆಸರನ್ನೂ ಕೇಳಿ, ಬಳಿಕ ಆ ಮನೆ ಆಗಲೇ ಬೇರೆಯವರಿಗೆ ಮಾತಾಗಿದೆಯೆಂದು ಹೇಳಿದರು. ಅದರ ಹಲಗೆ ಮುಂದಿನ ಭಾನುವಾರವೂ ಅಲ್ಲಿಯೇ ತೂಗುತ್ತಿತ್ತು. ದೊಡ್ಡ ನಗರದಲ್ಲಿ ಯಾರು ಯಾರೆಂದು ಯಾರೂ ಕೇಳುವುದಿಲ್ಲವೆಂದು ನಾವು ಪುಸ್ತಕಗಳಲ್ಲಿ ಓದಿದ್ದೆವು.

ಕಡೆಗೆ ದೊರೆತ ಮನೆ ಮಹಡಿಯ ಮೇಲಿನದು: ಒಂದು ಕೋಣೆ, ಒಂದು ನಡುಮನೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ. ಕರಾರುಪತ್ರವು 11 ತಿಂಗಳಿಗೆ. ಹನ್ನೆರಡು ಏಕಲ್ಲವೆಂದರೆ, 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷವನ್ನು ಮೀರಿದ ಗೇಣಿಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕಾಗುತ್ತದೆ. ಆ ಖರ್ಚನ್ನೂ ಅಲೆದಾಟವನ್ನೂ ತಪ್ಪಿಸಲು ದೇಶವೆಲ್ಲವೂ ಹನ್ನೊಂದರ ಮಂತ್ರವನ್ನು ಜಪಿಸುತ್ತದೆ. ನಮ್ಮ ಮನೆಯವರು ಇದನ್ನು ಕೇಳಿ, "ಕೊಬ್ಬರಿಯಾಗುವುದಕ್ಕೂ ಅಷ್ಟೇ ಕಾಲ" ಎಂದರು. ಹತ್ತು ತಿಂಗಳ ಮುಂಗಡವೆಂಬುದು ಬೆಂಗಳೂರಿನ ರೂಢಿಯೇ ಹೊರತು ಯಾವ ಕಾಯಿದೆಯ ಮಾತೂ ಅಲ್ಲ. 2021ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದಿದೆ. ಮಾದರಿಯೆಂದ ಮೇಲೆ ಅದನ್ನು ಗೋಡೆಗೆ ತೂಗುಹಾಕಿ ನೋಡಬಹುದು, ಒಪ್ಪಿಕೊಳ್ಳುವುದು ಆಯಾ ರಾಜ್ಯದ ಇಚ್ಛೆ.

ಮನೆಯ ಯಜಮಾನರು ಕಾರ್ಖಾನೆಯೊಂದರಿಂದ ನಿವೃತ್ತರಾದ ವೃದ್ಧರು. ಮೊದಲ ದಿನ ನಮ್ಮನ್ನು ಕೂರಿಸಿಕೊಂಡು, "ಊರಿನಿಂದ ಬಂದು ಹೋಗುವವರು ಬಹಳವೇ?" ಎಂದು ಕೇಳಿದರು. ಪ್ರಶ್ನೆ ನೀರಿನದು, ನಾವು ಅದನ್ನು ಬಂಧುತ್ವದ ಪ್ರಶ್ನೆಯೆಂದು ತಿಳಿದು, "ಬಹಳ ಜನ ಬರುತ್ತಾರೆ ಸ್ವಾಮಿ, ನಮ್ಮದು ದೊಡ್ಡ ಕುಟುಂಬ" ಎಂದು ಸಂತೋಷದಿಂದ ಹೇಳಿಬಿಟ್ಟೆವು. ಅವರ ಮುಖ ಸಣ್ಣದಾಯಿತು. ತಾಯಿಯವರು ಟೆಂಪೋದಲ್ಲಿ ಕಳುಹಿಸಿದ್ದ ಒರಳುಕಲ್ಲನ್ನು ಕಂಡೊಡನೆ, ಅದನ್ನು ಮಹಡಿಗೆ ಏರಿಸಕೂಡದು, ತಾರಸಿ ಬಿರುಕು ಬಿಡುತ್ತದೆ ಎಂದು ತಡೆದರು. ಒರಳು ಐದು ವರ್ಷ ಮೆಟ್ಟಿಲಿನ ಕೆಳಗೆ ತುಳಸಿಯ ಕುಂಡಕ್ಕೆ ಪೀಠವಾಗಿತ್ತು. ಆದರೆ ಅವರ ವಿಷಯದಲ್ಲಿ ಅನ್ಯಾಯದ ಮಾತನ್ನಾಡಬಾರದು. ಪರಿಚಯ ಬೆಳೆದ ಮೇಲೆ ತಿಳಿಯಿತು, ಅವರೂ ಗೌರಿಬಿದನೂರಿನ ಕಡೆಯ ಹಳ್ಳಿಯೊಂದರಿಂದ ಹೊಸ ಹೆಂಡತಿಯೊಡನೆ ಬಂದು ವಠಾರದ ಒಂದೇ ಕೋಣೆಯಲ್ಲಿ ಹದಿನಾಲ್ಕು ವರ್ಷ ಕಳೆದವರು. ಮೇಲಿನ ಮಹಡಿಯನ್ನು ಕಟ್ಟಿಸಿದ್ದು ನಿವೃತ್ತಿಯ ಹಣದಲ್ಲಿ. ತಾರಸಿಯ ಬಿರುಕಿಗೆ ಅವರು ಹೆದರಿದ್ದರೆ ಅದಕ್ಕೆ ಕಾರಣವಿತ್ತು.

ನೀರಿನ ಮಾತು ಬಂದುದರಿಂದ ಹೇಳುತ್ತೇವೆ. ನದಿಯ ದಂಡೆಯಲ್ಲಿಲ್ಲದ ಊರು ಬೆಂಗಳೂರು. ಕೆರೆಗಳನ್ನು ಕಟ್ಟಿಕೊಂಡು ಬಾಳಿದ ಊರದು. ಹಿಂದಿನ ಶತಮಾನದ ಕಡೆಯವರೆಗೂ ಅಲ್ಲ, ಅದಕ್ಕೂ ಹಿಂದಿನ ಶತಮಾನದ ಕಡೆಯಲ್ಲಿಯೇ ಈ ಕೆರೆಗಳು ಸಾಲದೆ ಹೆಸರಘಟ್ಟದಿಂದ ನೀರನ್ನು ತರಬೇಕಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂದಿತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಮೂರು ಕಡೆ ಯಂತ್ರಗಳಿಂದ ಮೇಲೆತ್ತಿ ಆ ನೀರನ್ನು ತರುತ್ತಾರೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವು ದಿನಕ್ಕೆ 77 ಕೋಟಿ ಲೀಟರಿಗೂ ಮಿಗಿಲಾದ ನೀರನ್ನು ಕೊಡುವ ಯೋಜನೆ. ಇಷ್ಟು ದೂರ, ಇಷ್ಟು ಎತ್ತರ ಏರಿ ಬಂದ ನೀರು ನಮ್ಮ ಬೀದಿಗೆ ದಿನ ಬಿಟ್ಟು ದಿನ, ಬೆಳಗಿನ ಜಾವ ನಾಲ್ಕು ಗಂಟೆಗೆ ಬರುತ್ತಿತ್ತು. ಊರಿನಲ್ಲಿ ನಾವು ಬಾವಿಗೆ ಹೋಗುತ್ತಿದ್ದೆವು. ಇಲ್ಲಿ ಸಂಪಿನ ಮುಚ್ಚಳವನ್ನು ತೆರೆದು ಕಿವಿಗೊಟ್ಟು ಕೇಳುವುದನ್ನು ಕಲಿತೆವು. ಬೇಳೆಯನ್ನು ಕೊಳವೆಬಾವಿಯ ನೀರಿನಲ್ಲಿ ಬೇಯಿಸಿದರೆ ಒಂದು ರುಚಿ, ಕಾವೇರಿಯಲ್ಲಿ ಬೇಯಿಸಿದರೆ ಇನ್ನೊಂದು. ಸಾರನ್ನು ಬಾಯಿಗಿಟ್ಟೊಡನೆ ಈ ಹೊತ್ತು ಯಾವ ನೀರೆಂದು ಹೇಳುವಷ್ಟು ಪಾಂಡಿತ್ಯ ಮೂರು ತಿಂಗಳಲ್ಲಿ ನಮಗೆ ಬಂದಿತು.

ಆ ಕೆರೆಗಳೇನಾದವೆಂದು ಕೇಳಬಹುದು. ಊರಿಂದ ಬಸ್ಸಿನಲ್ಲಿ ಬಂದವರು ಇಳಿಯುವ ಮೆಜೆಸ್ಟಿಕ್ಕಿನ ಕೆಂಪೇಗೌಡ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಹೊಸಬರಿಗೆ ಎಡೆಮಾಡಿಕೊಡಲೆಂದು ಊರು ತನ್ನ ನೀರನ್ನೇ ಬತ್ತಿಸಿಕೊಂಡಿತೆಂದು ಕೆಲವರು ನಮ್ಮಂಥವರನ್ನು ದೂರುವುದುಂಟು. ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಹೊಸಬರಲ್ಲದವರು ಈ ಊರಿನಲ್ಲಿ ಯಾರು? 1898ರಲ್ಲಿ ಪ್ಲೇಗು ಹಬ್ಬಿದ ಬಳಿಕ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಮಲ್ಲೇಶ್ವರಕ್ಕೂ ಬಸವನಗುಡಿಗೂ ಬಂದವರು ಆ ಬಡಾವಣೆಗಳಿಗೆ ಹೊಸಬರೇ. 1941ರಲ್ಲಿ ಪೇಟೆ ದಂಡು ಎರಡೂ ಸೇರಿ 4 ಲಕ್ಷವಿದ್ದ ಜನ 1951ರಲ್ಲಿ 7 ಲಕ್ಷ 78 ಸಾವಿರವಾದರು. 1940ರಲ್ಲಿ ಸ್ಥಾಪಿತವಾದ ವಿಮಾನ ಕಾರ್ಖಾನೆಯಂಥವು ಕೈಬೀಸಿ ಕರೆದಾಗ ಹಳ್ಳಿಪಟ್ಟಣಗಳಿಂದ ಹೊರಟವರವರು. ಇಂದು ಹಳೆಯ ಬೆಂಗಳೂರಿಗರೆಂದು ಅಭಿಮಾನದಿಂದ ಹೇಳಿಕೊಳ್ಳುವವರಲ್ಲಿ ಎಷ್ಟೋ ಜನ ಆ ದಶಕದ ಹೊಸಬರ ಮೊಮ್ಮಕ್ಕಳು.

ಮೊದಲ ನಾಲ್ಕು ತಿಂಗಳು ನಮ್ಮ ಪಾಲಿಗೆ ಕಠಿನವಾಗಿದ್ದುವು. ಬೆಳಗ್ಗೆ ಎಂಟಕ್ಕೆ ಮನೆಯವರು ಬಸ್ಸಿಗೆ ಓಡುವರು, ಮರಳುವಾಗ ರಾತ್ರಿ ಎಂಟು. ಮನೆಯಲ್ಲಿ ಉಳಿದ ಗಂಡಸು ಅರ್ಜಿಗಳನ್ನು ಬರೆದು, ಅಕ್ಕಿ ಆರಿಸಿ, ಹಾಲಿನವನಿಗೆ ಲೆಕ್ಕ ಕೊಟ್ಟು, ಮಧ್ಯಾಹ್ನ ಮೂರರ ವೇಳೆಗೆ ಮಾತನಾಡಲು ಒಂದು ಜೀವವನ್ನು ಹುಡುಕುತ್ತಿದ್ದನು. ತಿಪಟೂರಿನಲ್ಲಿ ಮನೆಯಿಂದ ಅಂಚೆಕಚೇರಿಗೆ ಹೋಗಿ ಬರುವಷ್ಟರಲ್ಲಿ ಇಪ್ಪತ್ತು ಜನ "ಊಟವಾಯಿತೆ?" ಎಂದು ಕೇಳುತ್ತಿದ್ದರು, ಅದು ಆಗ ಬೇಸರವನ್ನುಂಟುಮಾಡುತ್ತಿತ್ತು. ಇಲ್ಲಿ ಪಕ್ಕದ ಮನೆಯ ಗೃಹಿಣಿಯೊಬ್ಬರು, ತಮಿಳು ಮನೆಮಾತಿನವರು, ಹಗಲು ಹೊತ್ತಿನಲ್ಲಿ ಮನೆಯಲ್ಲಿರುವ ಈ ಗಂಡಸನ್ನು ಒಂದು ವಾರ ಗಮನಿಸಿ, ಕಡೆಗೆ ಕನ್ನಡದಲ್ಲಿಯೇ, "ನಿಮಗೆ ಮೈಗೆ ಹುಷಾರಿಲ್ಲವಾ ಅಣ್ಣ?" ಎಂದು ಕೇಳಿದರು. ಊರಿನವರ ಪ್ರಶ್ನೆಗಿಂತ ಇದು ದಯೆಯುಳ್ಳದ್ದಾಗಿತ್ತು. ಅವರಿಂದಲೇ ನಾವು ಇಡ್ಲಿಯ ಹಿಟ್ಟನ್ನು ಅಂಗಡಿಯಲ್ಲಿ ಕೊಳ್ಳಬಹುದೆಂಬುದನ್ನು ಅರಿತೆವು. ಒರಳು ಕೆಳಗಿತ್ತಷ್ಟೆ.

ನಮ್ಮೊಳಗೆ ಜಗಳಗಳೂ ಆದವು. ದಿನವೂ ನಾಲ್ಕು ಗಂಟೆ ಬಸ್ಸಿನಲ್ಲಿ ನಿಂತು ಬಂದವರಿಗೆ ಮನೆಯಲ್ಲಿದ್ದವನ ಏಕಾಂತದ ದುಃಖವನ್ನು ಕೇಳುವ ಸಹನೆ ಹೇಗೆ ಬರಬೇಕು? ಸಂಬಳ ತಂದವರ ಮುಂದೆ ಬಸ್ಸಿನ ಚಿಲ್ಲರೆಯನ್ನು ಕೇಳುವವನಿಗೆ ಎಷ್ಟು ಸಂಕೋಚವೆಂಬುದು ಅವರಿಗೆ ಹೇಗೆ ತಿಳಿಯಬೇಕು? ಊರಿನಲ್ಲಿದ್ದರೆ ಇಂಥ ಜಗಳ ಗೋಡೆ ದಾಟುವ ಮೊದಲೇ ಅತ್ತೆಯೋ ಅತ್ತಿಗೆಯೋ ನಡುವೆ ಬಂದು, ಇಬ್ಬರನ್ನೂ ಬೈದು, ಊಟಕ್ಕೆ ಎಲೆ ಹಾಕಿಬಿಡುತ್ತಿದ್ದರು. ಇಲ್ಲಿ ಬೈಯುವವರಿರಲಿಲ್ಲ. ಇಬ್ಬರೇ ಇದ್ದುದರಿಂದ ಜಗಳವನ್ನು ಇಬ್ಬರೇ ಮುಗಿಸುವುದನ್ನು ಕಲಿಯಬೇಕಾಯಿತು. ಈಗ ಯೋಚಿಸಿದರೆ, ನಮ್ಮ ನಿಜವಾದ ಮದುವೆ ಆ ಮಹಡಿಯ ಮನೆಯಲ್ಲಿ ಆಯಿತೆಂದು ತೋರುತ್ತದೆ. ಅಕ್ಟೋಬರಿನಲ್ಲಿ ಕಾಲೇಜೊಂದರಲ್ಲಿ ಕೆಲಸ ದೊರೆಯಿತು. ಆ ದಿನ ಮನೆಯವರು ಅರ್ಧ ದಿನದ ರಜೆ ಹಾಕಿ ಬಂದು, ನಾವಿಬ್ಬರೂ ಮಲ್ಲೇಶ್ವರದವರೆಗೆ ನಡೆದುಹೋಗಿ ದೋಸೆ ತಿಂದು ಬಂದೆವು.

ಎರಡು ವರ್ಷ ಕಳೆದವು. ವರ್ಗದ ಅರ್ಜಿಯನ್ನು ಬರೆದೆವು, ಹಾಕಲಿಲ್ಲ. ಮಗಳು ಹುಟ್ಟಿದ್ದಳು. ಇನ್ನೆರಡು ವರ್ಷವೆಂದುಕೊಂಡೆವು. 2011ರಲ್ಲಿ ಒಂದು ರಾತ್ರಿ ಹತ್ತರ ಸುಮಾರಿಗೆ ತಿಪಟೂರಿನ ನೆರೆಮನೆಯಿಂದ ದೂರವಾಣಿ ಬಂದಿತು. ತಾಯಿಯವರು ಹಿತ್ತಿಲಲ್ಲಿ ಬಿದ್ದಿದ್ದರು. ನಿದ್ರಿಸುತ್ತಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಸಿಕ್ಕಿದ ಬಸ್ಸನ್ನು ಹತ್ತಿ ಹೊರಟೆವು. 140 ಕಿಲೋಮೀಟರೆಂಬುದು ಹಬ್ಬಕ್ಕೆ ಹೋಗುವಾಗ ಎಷ್ಟು ಹತ್ತಿರವೋ ಅಂಥ ರಾತ್ರಿಯಲ್ಲಿ ಅಷ್ಟೇ ದೂರ. ನಾವು ತಲಪಿದಾಗ ಮೂರು ಗಂಟೆ. ನೆರೆಯವರು ಆಗಲೇ ಆಸ್ಪತ್ರೆಗೆ ಸೇರಿಸಿ, ಎಲುಬಿಗೆ ಕಟ್ಟು ಹಾಕಿಸಿ, ಸರದಿಯಂತೆ ಕುಳಿತಿದ್ದರು. ಯಾರೂ ನಮ್ಮನ್ನು ಆಕ್ಷೇಪಿಸಲಿಲ್ಲ. "ಮಗು ಮಲಗಲಿ, ನೀವೂ ಸ್ವಲ್ಪ ಒರಗಿಕೊಳ್ಳಿ" ಎಂದರು. ಆಕ್ಷೇಪಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬಳಿಕ ತಾಯಿಯವರನ್ನು ಬೆಂಗಳೂರಿಗೆ ಕರೆತಂದೆವು. ನಲವತ್ತು ದಿನ ಇದ್ದರು. ಮೊಮ್ಮಗಳ ಒಡನಾಟ ಅವರಿಗೆ ಹಿತವಾಗಿತ್ತು, ನಮಗೂ ಮನೆ ತುಂಬಿದಂತಿತ್ತು. ಆದರೆ ಹಗಲಿನಲ್ಲಿ ಬಾಲ್ಕನಿಯಲ್ಲಿ ಕುಳಿತು ಬೀದಿಯಲ್ಲಿ ಹೋಗುವವರನ್ನು ನೋಡುತ್ತ, "ಇವರು ಯಾರ ಪೈಕಿ?" ಎಂದು ಕೇಳುವರು. ನಮಗೆ ತಿಳಿಯದೆಂದರೆ, ಐದು ವರ್ಷದಿಂದ ಇದ್ದೀರಲ್ಲ ಎಂದು ಆಶ್ಚರ್ಯಪಡುವರು. ಗೌರಿಯ ಹಬ್ಬಕ್ಕೆ ಮುಂಚೆ ಊರಿಗೆ ಹೊರಟುನಿಂತರು. ಅಟ್ಟದಲ್ಲಿ ಕಾಯಿಯಿದೆ, ಇಲಿಯ ಕಾಟ, ನೋಡುವವರಿಲ್ಲ ಎಂಬುದು ಅವರು ಹೇಳಿದ ಕಾರಣ. ಹೊರಡುವ ದಿನ ಮೆಟ್ಟಿಲಿನ ಕೆಳಗಿದ್ದ ಒರಳನ್ನು ಕಂಡು, "ಇದನ್ನು ಉಪಯೋಗಿಸುವುದಿಲ್ಲವಾದರೆ ತೆಗೆದುಕೊಂಡು ಹೋಗುತ್ತೇನೆ" ಎಂದರು. ಕೊಂಡುಹೋದರು ಕೂಡ. 2014ರಲ್ಲಿ ಅವರು ತೀರಿಕೊಂಡರು, ತಮ್ಮ ಮನೆಯಲ್ಲಿಯೇ, ನಾವಿಬ್ಬರೂ ಹತ್ತಿರವಿದ್ದಾಗ. ಅಷ್ಟು ಭಾಗ್ಯ ನಮಗಿತ್ತು.

ಆ ಮನೆಯನ್ನು ಮಾರಬೇಕೆಂದು ಹೇಳುವವರಿದ್ದಾರೆ. ಒಳ್ಳೆಯ ಬೆಲೆಯೂ ಬಂದಿತ್ತು. ಇನ್ನೂ ಮಾರಿಲ್ಲ. ಬೀಗದ ಕೈ ನೆರೆಯವರಲ್ಲೊಂದು, ನಮ್ಮಲ್ಲೊಂದು. ವರ್ಷಕ್ಕೆ ಎರಡು ಬಾರಿ ಹೋಗಿ ಧೂಳು ಹೊಡೆದು, ಅಟ್ಟವನ್ನು ಹತ್ತಿ ನೋಡಿ ಬರುತ್ತೇವೆ. ಮಗಳು ಬಂದರೆ ಎರಡನೆಯ ದಿನ, "ನಮ್ಮ ಊರಿಗೆ ಯಾವಾಗ ಹೋಗುವುದು?" ಎಂದು ಕೇಳುತ್ತಾಳೆ. ಆಕೆ ಹೇಳುವ ಊರು ಬೆಂಗಳೂರು.

ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಹೊಸದಾಗಿ ಮದುವೆಯಾಗಿ, ಅರಸೀಕೆರೆಯ ಕಡೆಯಿಂದ ಹೆಂಡತಿಯೊಡನೆ ಬಂದು, ಮನೆ ನೋಡಲು ಜೊತೆಗೆ ಬರಬೇಕೆಂದು ಕೇಳಿಕೊಂಡನು. ತುಮಕೂರು ರಸ್ತೆಯ ದಿಕ್ಕೇ. ಈಗ ನಾಗಸಂದ್ರದವರೆಗೂ ಅದರಾಚೆಗೂ ಮೆಟ್ರೋ ರೈಲು ಹೋಗುತ್ತದೆ. ನಾವು ಮೂರು ಭಾನುವಾರ ನಡೆದ ದಾರಿಯ ಮೇಲೆಯೇ ಕುಳಿತು ಹೋದೆವು. ಹುಡುಗನು ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂದು ವಿಚಾರಿಸುತ್ತಿದ್ದನು. ಆ ಹೆಣ್ಣುಮಗಳು ನೇರವಾಗಿ ಅಡುಗೆಮನೆಗೆ ಹೋಗಿ ನಲ್ಲಿಯನ್ನು ತಿರುಗಿಸಿ ನೋಡಿ, ಕಾವೇರಿ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಯಜಮಾನರನ್ನು ಕೇಳಿದಳು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವೆಲ್ಲ ಟ್ಯಾಂಕರಿನ ಹಿಂದೆ ಓಡಿದ ಸುದ್ದಿ ಅರಸೀಕೆರೆಗೂ ತಲಪಿತ್ತೆಂದು ತೋರುತ್ತದೆ. ನಮಗೆ ಆಕೆಯ ಬುದ್ಧಿ ಮೆಚ್ಚುಗೆಯಾಯಿತು.

ಕೆಳಗೆ ಇಳಿದು ಬರುವಾಗ ನಮ್ಮ ಮನೆಯವರು ಆಕೆಯನ್ನು, "ಊರಲ್ಲಿ ಮನೆಯಲ್ಲಿ ಯಾರಿದ್ದಾರಮ್ಮ?" ಎಂದು ಕೇಳಿದರು.

"ಅತ್ತೆ ಒಬ್ಬರೇ ಇದ್ದಾರೆ, ಆಂಟಿ" ಎಂದಳು. "ನಾವೇನು ಇಲ್ಲೇ ಇರುವುದಿಲ್ಲ. ಎರಡು ವರ್ಷದ ಮಟ್ಟಿಗೆ ಅಷ್ಟೆ."

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಯಜಮಾನರು ಇನ್ನೊಂದು ಮನೆಯ ಬೀಗದ ಕೈಯನ್ನು ತಂದಿದ್ದರು. ಅದು ಎರಡನೆಯ ಮಹಡಿ. ಎಲ್ಲರೂ ಮೆಟ್ಟಿಲನ್ನು ಹತ್ತತೊಡಗಿದೆವು.